ಡಿಜೆ ಸಂಗೀತಗಾರನೇ? : ಉಡುಪಿ ಪರಿಸರದ ವಾದ್ಯಪರಂಪರೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಉಡುಪಿಗೂ ಮಣಿಪಾಲಕ್ಕೂ ನಡುವೆ ಇರುವುದು ಐದಾರು ಕಿಲೋಮೀಟರುಗಳ ಒಂದು ಏರುದಾರಿ. ಆದರೆ 'ಡಿಜೆ' ಎಂಬ ಪದ ಆ ದಾರಿಯ ಮೇಲಣ ತುದಿಯಲ್ಲಿ ಒಂದು ಅರ್ಥವನ್ನೂ ಕೆಳಗಣ ಊರುಗಳಲ್ಲಿ ಇನ್ನೊಂದು ಅರ್ಥವನ್ನೂ ಪಡೆದಿದೆ. ಮಣಿಪಾಲದಲ್ಲಿ ಡಿಜೆ ಎಂದರೆ ಒಬ್ಬ ವ್ಯಕ್ತಿ. ವಿದ್ಯಾರ್ಥಿಗಳ ಉತ್ಸವಗಳಿಗೆ, ವಾರಾಂತ್ಯದ ರಾತ್ರಿಗಳಿಗೆ ಅವನನ್ನು, ಕೆಲವೊಮ್ಮೆ ಅವಳನ್ನು, ಬೆಂಗಳೂರಿನಿಂದಲೋ ಗೋವೆಯಿಂದಲೋ ಕರೆಸುತ್ತಾರೆ. ಭಿತ್ತಿಪತ್ರದಲ್ಲಿ ಹೆಸರನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸುತ್ತಾರೆ. ಅಲ್ಲಿಂದ ಇಳಿದು ಕಾಪುವಿನ ಕಡೆಗೋ ಕಾರ್ಕಳದ ಕಡೆಗೋ ಹೋದರೆ ಡಿಜೆ ಎಂಬುದು ಒಂದು ವಸ್ತು. ಲಾರಿಯ ಮೇಲೆ ಗೋಡೆಯಂತೆ ಪೇರಿಸಿದ ಧ್ವನಿಪೆಟ್ಟಿಗೆಗಳು, ಬಣ್ಣದ ದೀಪಗಳು, ಒಂದು ಜನರೇಟರು, ಎಲ್ಲ ಸೇರಿ ಡಿಜೆ. 'ಮೆಹಂದಿಗೆ ಡಿಜೆ ಉಂಟಾ?' ಎಂದು ಕೇಳುವವರಿದ್ದಾರೆ, 'ಡಿಜೆ ಯಾರು?' ಎಂದು ಕೇಳುವವರಿಲ್ಲ. 'ಡಿಜೆ ಹಾಕಿದರು', 'ಡಿಜೆ ಬಂದ್ ಮಾಡಿಸಿದರು' ಎಂಬ ಪ್ರಯೋಗಗಳಲ್ಲಿ ಮನುಷ್ಯನಿಗೆ ಜಾಗವಿಲ್ಲ. ಪೆಟ್ಟಿಗೆಗಳ ಮೇಲೆ ಬಾಡಿಗೆ ಸಂಸ್ಥೆಯ ಹೆಸರು ಮಿನುಗುತ್ತಿರುತ್ತದೆ. ಹಿಂದೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ನಿಂತಿರುವ ಯುವಕನ ಹೆಸರು ಮದುವೆಮನೆಯವರಿಗೂ ತಿಳಿದಿರುವುದಿಲ್ಲ.

ಡಿಜೆಯನ್ನು ಸಂಗೀತಗಾರನೆಂದು ಪರಿಗಣಿಸಬಹುದೇ ಎಂಬ ಪ್ರಶ್ನೆಯನ್ನು ಎತ್ತಿಕೊಳ್ಳುವ ಮೊದಲು ಈ ಭಾಷಿಕ ಸಂಗತಿಯನ್ನು ಗಮನಿಸಬೇಕಾಗುತ್ತದೆ. ಏಕೆಂದರೆ ವಾದ್ಯದ ಹೆಸರೇ ವಾದಕನನ್ನು ನುಂಗುವುದು ಈ ಪ್ರದೇಶಕ್ಕೆ ಹೊಸದಲ್ಲ. ಇಲ್ಲಿ 'ಸಂಗೀತದವರು' ಎಂದರೆ ಶಾಸ್ತ್ರೀಯ ಗಾಯಕರು ಮತ್ತು ಅವರ ಪಕ್ಕವಾದ್ಯದವರು ಮಾತ್ರ. ಉಳಿದವರೆಲ್ಲ 'ಓಲಗದವರು', 'ಬ್ಯಾಂಡಿನವರು', 'ಚೆಂಡೆಯವರು', 'ಡೋಲಿನವರು'. ಪುರಭವನದ ವೇದಿಕೆಯಲ್ಲಿ ಕುಳಿತವನು ಕಲಾವಿದ, ಅಂಗಳದಲ್ಲಿ ನಿಂತವನು ವಾದ್ಯದವನು ಎಂಬ ಭೇದವನ್ನು ನಮ್ಮ ಆಮಂತ್ರಣಪತ್ರಿಕೆಗಳು ಇಂದಿಗೂ ಪಾಲಿಸುತ್ತಿವೆ. ಆದುದರಿಂದ ಡಿಜೆಯ ಕುರಿತ ವಿವೇಚನೆ ಯಂತ್ರದ ಚರ್ಚೆಯಾಗುವುದಕ್ಕಿಂತ ಮೊದಲು, ಯಾರನ್ನು ಸಂಗೀತಗಾರನೆಂದು ಕರೆಯಲು ನಾವು ಒಪ್ಪಿದೆವು, ಯಾರನ್ನು ಒಪ್ಪಲಿಲ್ಲ ಎಂಬುದರ ಚರ್ಚೆಯಾಗಬೇಕು.

ಶಾಸ್ತ್ರಗ್ರಂಥಗಳು ಈ ವಿಷಯದಲ್ಲಿ ನಾವು ಊಹಿಸುವುದಕ್ಕಿಂತ ಉದಾರವಾಗಿವೆ. ಹದಿಮೂರನೆಯ ಶತಮಾನದ ಶಾರ್ಙ್ಗದೇವ 'ಸಂಗೀತರತ್ನಾಕರ'ದಲ್ಲಿ ಗೀತ, ವಾದ್ಯ, ನೃತ್ತ ಈ ಮೂರನ್ನೂ ಕೂಡಿಸಿಯೇ ಸಂಗೀತವೆಂದು ಕರೆದ. ಮಾತು, ಧಾತು ಎರಡನ್ನೂ ರಚಿಸಬಲ್ಲವನನ್ನು ವಾಗ್ಗೇಯಕಾರನೆಂದು ಮೇಲೆ ಕೂರಿಸಿದನಾದರೂ ಸ್ವತಃ ರಚಿಸದವನನ್ನು ಸಂಗೀತದಿಂದ ಹೊರಗಿಡಲಿಲ್ಲ. ಗಾಯಕರನ್ನು ಅವನು ಐದು ಬಗೆಯಾಗಿ ವಿಂಗಡಿಸುವಾಗ ಕಲಿಸಬಲ್ಲ ಶಿಕ್ಷಾಕಾರನ ಜೊತೆಗೇ ಇನ್ನೊಬ್ಬರ ರೀತಿಯನ್ನು ಅನುಸರಿಸುವ ಅನುಕಾರನೂ ಕೇಳುಗರನ್ನು ರಂಜಿಸುವ ರಂಜಕನೂ ಬರುತ್ತಾರೆ. ಒಂದು ತಲೆಮಾರಿನ ಹಿಂದೆ ನಮ್ಮ ಜಾತ್ರೆ, ಗಣೇಶೋತ್ಸವಗಳಲ್ಲಿ ರಸಮಂಜರಿ ಕಾರ್ಯಕ್ರಮಗಳು ಮೆರೆದಾಗ, ಚಲನಚಿತ್ರಗೀತೆಯನ್ನು ಮೂಲ ಗಾಯಕರ ಕಂಠದಂತೆಯೇ ಹಾಡಿದವರನ್ನು ಗಾಯಕರೆಂದು ಕರೆಯಲು ಯಾರೂ ಹಿಂಜರಿಯಲಿಲ್ಲ. ಅನುಕಾರನಿಗೆ ಕೊಟ್ಟ ಈ ಸ್ಥಾನ ಡಿಜೆಯ ಪ್ರಶ್ನೆ ಬಂದಾಗ ಮಾತ್ರ ಮರೆತುಹೋಗುವುದು ವಿಚಿತ್ರ.

ಆದರೂ ಶಾಸ್ತ್ರದ ಆಧಾರದಿಂದ ಈ ಪ್ರಶ್ನೆ ಇತ್ಯರ್ಥವಾಗದು. ತುಳುನಾಡಿನ ವಾದ್ಯಗಳ ಸಾಮಾಜಿಕ ಚರಿತ್ರೆಯನ್ನು ನೋಡಬೇಕು. ಅದರಲ್ಲಿ ಮೊದಲು ಬರುವುದು ಕೊರಗರ ಡೋಲು. ಅಜಲು ಪದ್ಧತಿಯಲ್ಲಿ ಡೋಲು ಬಾರಿಸುವುದು ಕೊರಗರಿಗೆ ಕಲೆಯಾಗಿರಲಿಲ್ಲ, ಬಿಟ್ಟಿಯಾಗಿತ್ತು. ಕಂಬಳದ ಮುನ್ನಾ ರಾತ್ರಿ ಗದ್ದೆಯ ಬದಿಯಲ್ಲಿ ಮಂಜಿಗೆ ಮೈಯೊಡ್ಡಿ ಕುಳಿತು ಡೋಲು ಬಾರಿಸಬೇಕಿತ್ತು. ಉತ್ಸವಗಳಲ್ಲಿ ದೂರ ನಿಂತು ಬಾರಿಸಬೇಕಿತ್ತು. ಡೋಲಿನ ಸದ್ದು ಒಳಗೆ ಬರಬಹುದಿತ್ತು, ಬಾರಿಸಿದವರು ಬರುವಂತಿರಲಿಲ್ಲ. ಕರ್ನಾಟಕ ವಿಧಾನಮಂಡಲ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯಿದೆಯನ್ನು 2000ದಲ್ಲಿ ಜಾರಿಗೆ ತಂದಿತು. ಅನಂತರವೇ ಡೋಲು ವೇದಿಕೆಯ ಮೇಲೆ, ಸಾಂಸ್ಕೃತಿಕ ಮೆರವಣಿಗೆಯಲ್ಲಿ, 'ಜಾನಪದ ಕಲೆ'ಯೆಂಬ ಹೆಸರಿನಲ್ಲಿ ಹೆಚ್ಚಾಗಿ ಕಾಣಿಸಿಕೊಂಡದ್ದು. ಅಂದರೆ ಅದೇ ವಾದ್ಯ, ಅದೇ ಬಡಿತ, ಅದೇ ಕೈ. ನಿನ್ನೆ ಅದು ಹೀನಾಯದ ಗುರುತು, ಇಂದು ಪರಂಪರೆ. ಸ್ವರದಲ್ಲೋ ಲಯದಲ್ಲೋ ಏನೂ ಬದಲಾಗಿಲ್ಲ. ಸ್ವತಃ ಕೊರಗ ಸಮುದಾಯದೊಳಗೆ ಡೋಲನ್ನು ಕೈಬಿಡಬೇಕೆನ್ನುವವರೂ ಅದನ್ನು ಹೆಮ್ಮೆಯಿಂದ ಎತ್ತಿಕೊಳ್ಳಬೇಕೆನ್ನುವವರೂ ಇದ್ದಾರೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಹೊರಗಿನ ನಾವು 'ಕಲೆ' ಎಂಬ ಬಿರುದನ್ನು ತಡವಾಗಿ ಕೊಟ್ಟ ಮಾತ್ರಕ್ಕೆ ಆ ಚರ್ಚೆ ಮುಗಿಯುವುದಿಲ್ಲ.

ಶಿವರಾಮ ಕಾರಂತರ 'ಚೋಮನ ದುಡಿ' (1933) ಈ ಸಂಗತಿಯನ್ನು ಬಹಳ ಹಿಂದೆಯೇ ಕಂಡಿತ್ತು. ಚೋಮನಿಗೆ ಭೂಮಿಯಿಲ್ಲ, ದುಡಿಯಿದೆ. ಅವನ ಸಿಟ್ಟು, ನಲಿವು, ಸೋಲು ಎಲ್ಲವೂ ದುಡಿಯ ಮೂಲಕವೇ ಹೊರಬರುತ್ತವೆ. ಕನ್ನಡ ವಿಮರ್ಶೆ ಚೋಮನನ್ನು ದಲಿತನನ್ನಾಗಿ, ಕೃಷಿಕನಾಗಲು ಹಂಬಲಿಸಿದವನನ್ನಾಗಿ, ತಂದೆಯನ್ನಾಗಿ ಹಲವು ಬಾರಿ ಓದಿದೆ. ಸಂಗೀತಗಾರನನ್ನಾಗಿ ಓದಿದ್ದು ಅಪರೂಪ. ಆ ಕಾದಂಬರಿಯ ಹೆಸರಿನಲ್ಲೇ ವಾದ್ಯವಿದ್ದರೂ ಹೀಗಾದುದು ನಮ್ಮ ಕಿವಿಯ ಅಭ್ಯಾಸವನ್ನು ತೋರಿಸುತ್ತದೆ.

ನಾಗಸ್ವರದ ಕಥೆ ಸ್ವಲ್ಪ ಬೇರೆ. ದೇವಸ್ಥಾನ, ಭೂತಸ್ಥಾನ ಎರಡರಲ್ಲೂ ವಾದ್ಯಸೇವೆ ಮಾಡುತ್ತ ಬಂದ ದೇವಾಡಿಗ ಸೇರಿಗಾರ ಮನೆತನಗಳಿಗೆ ಉಂಬಳಿ, ಮರ್ಯಾದೆ, ನಿಯತವಾದ ಸ್ಥಾನ ಇದ್ದವು. ಕಾಪುವಿನ ಮಾರಿಗುಡಿಯಲ್ಲಿ ಮುಸ್ಲಿಂ ಮನೆತನವೊಂದು ತಲೆಮಾರುಗಳಿಂದ ನಾಗಸ್ವರ ಊದುತ್ತ ಬಂದಿರುವುದನ್ನು ಪತ್ರಿಕೆಗಳು 2022ರಲ್ಲಿ, ಜಾತ್ರೆಯ ವ್ಯಾಪಾರದ ಕುರಿತ ವಿವಾದದ ನಡುವೆ, ಮತ್ತೆ ನೆನಪಿಸಿದವು. ಸೇವೆಯ ಹಕ್ಕು ಇಷ್ಟು ಗಟ್ಟಿಯಾಗಿದ್ದರೂ ಕೋಲದ ಅಂಗಳದಲ್ಲಿ ರಾತ್ರಿಯಿಡೀ ಊದಿದವನು ಶಾಸ್ತ್ರೀಯ ಕಛೇರಿಯ ಅರ್ಥದಲ್ಲಿ ವಿದ್ವಾಂಸನೆನಿಸಿಕೊಂಡದ್ದು ಕಡಿಮೆ. ಆ ಗಡಿಯನ್ನು ದಾಟಿದವರಲ್ಲಿ ಪ್ರಮುಖರು ಕದ್ರಿ ಗೋಪಾಲನಾಥರು (1949-2019). ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ನಾಗಸ್ವರ ಮನೆತನದಲ್ಲಿ ಹುಟ್ಟಿದ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದಕ್ಕೆ ಮನಸೋತರು. ಗಮಕಕ್ಕೆ ಒಗ್ಗದ, ಬ್ಯಾಂಡಿನ ಮೆರವಣಿಗೆಗೆ ಮಾತ್ರ ತಕ್ಕದ್ದೆಂದು ತಿಳಿಯಲಾಗಿದ್ದ ಆ ಲೋಹದ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಲು ಅದರ ರಚನೆಯಲ್ಲೇ ಮಾರ್ಪಾಡು ಮಾಡಿಕೊಂಡರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆ, 2004ರಲ್ಲಿ ಪದ್ಮಶ್ರೀ. ಇಂದು ಉಡುಪಿ, ಕಾರ್ಕಳ ಸೀಮೆಯ ಮದುವೆಗಳಲ್ಲಿ, ನೇಮಗಳಲ್ಲಿ ನಾಗಸ್ವರಕ್ಕಿಂತ ಸ್ಯಾಕ್ಸೊಫೋನೇ ಹೆಚ್ಚು ಕೇಳಿಬರುತ್ತದೆ. ಅದನ್ನು ಪರಕೀಯವೆಂದು ಈಗ ಯಾರೂ ಹೇಳುವುದಿಲ್ಲ. ನಾಗಸ್ವರದ ಹಳೆಯ ಪಟ್ಟುಗಳು ಈ ಬದಲಾವಣೆಯಲ್ಲಿ ಎಷ್ಟು ಉಳಿದವು ಎಂಬುದನ್ನು ಕೇಳುವವರೂ ಕಡಿಮೆ.

ಇಂಥದೇ ತಿರಸ್ಕಾರ ಹಾರ್ಮೋನಿಯಮ್ಮಿಗೂ ಒದಗಿತ್ತು. 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟು, 1971ರಲ್ಲಿ ಷರತ್ತುಗಳೊಂದಿಗೆ ಒಳಗೆ ಬಿಟ್ಟುಕೊಂಡಿತು. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಬಂದಾಗ ತಂಬೂರಿಯ ಜೀವಂತಿಕೆ ಹೋಯಿತೆಂದು ಹಳಹಳಿಸಿದವರಿದ್ದರು. ಇಂದು ಯಕ್ಷಗಾನದ ಭಾಗವತರಿಂದ ಹಿಡಿದು ಸಭಾಗಾನದ ವಿದ್ವಾಂಸರವರೆಗೆ ಅದನ್ನು ಬಳಸದವರು ವಿರಳ. ಕೆಲವರು ಮೊಬೈಲ್ ಫೋನಿನಲ್ಲೇ ಶ್ರುತಿ ಇಟ್ಟುಕೊಳ್ಳುತ್ತಾರೆ. ಯಂತ್ರ ಬಂದ ಮಾತ್ರಕ್ಕೆ ಹಾಡುವವನು ಗಾಯಕನಲ್ಲದೆ ಹೋಗಲಿಲ್ಲ.

ಆದರೆ ಈ ಉದಾಹರಣೆಗಳನ್ನೆಲ್ಲ ಪೇರಿಸಿ 'ಹಿಂದೆ ತಪ್ಪಿದೆವು, ಆದ್ದರಿಂದ ಈಗ ಡಿಜೆಯನ್ನು ಒಪ್ಪಿಬಿಡೋಣ' ಎನ್ನುವುದು ಸೋಮಾರಿ ವಾದ. ಡೋಲಿಗೂ ಸ್ಯಾಕ್ಸೊಫೋನಿಗೂ ಡಿಜೆಯ ಸಲಕರಣೆಗೂ ನಡುವೆ ಒಂದು ಮೂಲಭೂತ ವ್ಯತ್ಯಾಸವಿದೆ. ಡೋಲಿನಿಂದ ಹೊರಡುವ ನಾದ ಬಾರಿಸುವವನ ಕೈಯದು, ಸ್ಯಾಕ್ಸೊಫೋನಿನದು ಊದುವವನ ಉಸಿರಿನದು. ಡಿಜೆ ಹೊರಡಿಸುವ ನಾದವಾದರೋ ಬೇರೊಬ್ಬರು ಬೇರೊಂದು ಕಾಲದಲ್ಲಿ ನುಡಿಸಿ ಮುದ್ರಿಸಿಟ್ಟದ್ದು. ಡಿಜೆಯ ವಿರುದ್ಧದ ಆಕ್ಷೇಪಗಳಲ್ಲಿ ಗಂಭೀರವಾದುದು ಇದೊಂದೇ. ಇದಕ್ಕೆ ಉತ್ತರ ಹುಡುಕಬೇಕಾದರೆ ಅವನು ನಿಜವಾಗಿ ಮಾಡುವ ಕೆಲಸವೇನೆಂದು ನೋಡಬೇಕಾಗುತ್ತದೆ.

'ಡಿಸ್ಕ್ ಜಾಕಿ' ಎಂಬುದು ಮೊದಲಿಗೆ ರೇಡಿಯೊದಲ್ಲಿ ಧ್ವನಿತಟ್ಟೆ ಹಾಕುವವನ ಹೆಸರು. ತಟ್ಟೆ ಹಾಕುವುದು ವಾದನವಾಗಿ ಮಾರ್ಪಟ್ಟ ಘಟ್ಟಗಳಲ್ಲಿ ಮುಖ್ಯವಾದುದು 1973ರ ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದ್ದು. ಜಮೈಕಾದಿಂದ ಬಂದ ಕೂಲ್ ಹರ್ಕ್ ಎಂಬ ಯುವಕ, ಕುಣಿಯುವವರು ಹಾಡಿನ ಯಾವ ಭಾಗಕ್ಕಾಗಿ ಕಾಯುತ್ತಾರೆಂದು ಗಮನಿಸಿದ. ಹಾಡುಗಾರಿಕೆ ನಿಂತು ತಾಳವಾದ್ಯಗಳಷ್ಟೇ ಉಳಿಯುವ ಕೆಲವೇ ಸೆಕೆಂಡುಗಳ ಭಾಗವದು. ಒಂದೇ ತಟ್ಟೆಯ ಎರಡು ಪ್ರತಿಗಳನ್ನು ಎರಡು ಯಂತ್ರಗಳಲ್ಲಿಟ್ಟು, ಒಂದರಲ್ಲಿ ಆ ಭಾಗ ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ಅದನ್ನೇ ಆರಂಭಿಸಿ, ಸೆಕೆಂಡುಗಳನ್ನು ನಿಮಿಷಗಳಾಗಿ ಹಿಗ್ಗಿಸಿದ. ಹಿಪ್‌ಹಾಪ್ ಎಂಬ ಸಂಗೀತಪ್ರಕಾರಕ್ಕೆ ಇದು ಬುನಾದಿಯಾಯಿತು. ಮೂಲ ತಟ್ಟೆಯಲ್ಲಿ ಇಲ್ಲದ ಒಂದು ಕಾಲವಿನ್ಯಾಸ ಇಲ್ಲಿ ಹುಟ್ಟಿತೆಂಬುದು ನಮಗೆ ಮುಖ್ಯ. ಮುಂದೆ ಇದು ಒಂದು ಕೌಶಲವಾಗಿ ಬೆಳೆಯಿತು: ನಡೆಯುತ್ತಿರುವ ಹಾಡಿನ ಅಡಿಯಲ್ಲೇ ಮುಂದಿನದನ್ನು ಹೆಡ್‌ಫೋನಿನಲ್ಲಿ ಕೇಳಿಕೊಳ್ಳುವುದು, ಎರಡರ ಲಯದ ವೇಗವನ್ನು ಸರಿದೂಗಿಸುವುದು, ಆವರ್ತದ ಆರಂಭಗಳು ಕೂಡುವಂತೆ ಇಳಿಸುವುದು, ಒಂದರ ತಗ್ಗು ಸ್ವರಗಳನ್ನು ತೆಗೆದು ಇನ್ನೊಂದರದನ್ನು ತುಂಬುವುದು. ಇಂದಿನ ಯಂತ್ರಗಳಲ್ಲಿ ವೇಗ ಹೊಂದಿಸುವ ಕೆಲಸವನ್ನು ಒಂದು ಗುಂಡಿಯೇ ಮಾಡುತ್ತದೆ. ಆದ್ದರಿಂದ ಆ ಕೌಶಲವೊಂದನ್ನೇ ಸಂಗೀತಗಾರನ ಲಕ್ಷಣವೆಂದು ಹಿಡಿದರೆ ವಾದ ಬಿದ್ದುಹೋಗುತ್ತದೆ. ಉಳಿಯುವುದು ಆಯ್ಕೆ ಮತ್ತು ಸಮಯ: ಯಾವುದರ ನಂತರ ಯಾವುದು, ಎಲ್ಲಿ ಹಿಗ್ಗಿಸಬೇಕು, ಎಲ್ಲಿ ನಿಲ್ಲಿಸಬೇಕು.

ಆಯ್ಕೆ ಮತ್ತು ಸಮಯಜ್ಞಾನವನ್ನು ಸಂಗೀತವೆಂದು ಕರೆಯಬಹುದೇ? ಕರಾವಳಿಯವನಿಗೆ ಈ ಪ್ರಶ್ನೆಗೆ ಉತ್ತರ ಹುಡುಕಲು ನ್ಯೂಯಾರ್ಕಿಗೆ ಹೋಗಬೇಕಾಗಿಲ್ಲ. ಯಕ್ಷಗಾನದ ಭಾಗವತನನ್ನು ನೋಡೋಣ. ಪದ್ಯ ಅವನದಲ್ಲ, ಪ್ರಸಂಗಕರ್ತನದು. ರಾಗ, ತಾಳ, ಮಟ್ಟು ಪರಂಪರೆಯವು. ಆದರೆ ವೇಷಧಾರಿಯ ಕಾಲಿನಲ್ಲಿ ಇಂದು ಎಷ್ಟು ಬಲವಿದೆ, ಈ ಪದ್ಯವನ್ನು ಎಷ್ಟು ಆವರ್ತನೆ ಎತ್ತಿಕೊಟ್ಟರೆ ಅವನು ಏರುತ್ತಾನೆ, ಸಭೆ ಎಲ್ಲಿ ತೂಕಡಿಸುತ್ತಿದೆ, ಯಾವ ಪದ್ಯವನ್ನು ಬಿಟ್ಟು ಮುಂದೆ ಹೋಗಬೇಕು ಎಂಬ ತೀರ್ಮಾನಗಳೆಲ್ಲ ಅವನವು. ಆತನನ್ನು ಮೊದಲ ವೇಷಧಾರಿಯೆಂದು ಕರೆಯುವುದು ಕಂಠಕ್ಕಷ್ಟೇ ಸಂದ ಗೌರವವಲ್ಲ. ಕಂಠ ಸೊರಗಿದ ಮೇಲೂ ಆಟವನ್ನು ದಡಕ್ಕೆ ಮುಟ್ಟಿಸಿದ ಹಿರಿಯ ಭಾಗವತರನ್ನು ಕಂಡವರಿಗೆ ಇದು ಗೊತ್ತು.

ಇನ್ನೂ ಹತ್ತಿರದ ನಿದರ್ಶನ ಹುಲಿವೇಷದ ತಾಸೆ. ಕೃಷ್ಣಾಷ್ಟಮಿಯ ಮರುದಿನ ವಿಟ್ಲಪಿಂಡಿಯಂದು ಉಡುಪಿಯ ರಥಬೀದಿ ಮತ್ತು ಸುತ್ತಲಿನ ಓಣಿಗಳಲ್ಲಿ ತಾಸೆಯ ಸದ್ದಿಲ್ಲದ ಜಾಗವಿರುವುದಿಲ್ಲ. ಕೊರಳಿಗೆ ತೂಗುಹಾಕಿಕೊಂಡು ಎರಡು ಕಡ್ಡಿಗಳಿಂದ ಬಾರಿಸುವ ಈ ಚಿಕ್ಕ ವಾದ್ಯ, ಜೊತೆಗೊಂದು ಡೋಲು. ತಾಸೆಯವನ ಕಣ್ಣು ಸದಾ ಹುಲಿಯ ಕಾಲಿನ ಮೇಲಿರುತ್ತದೆ. ಹುಲಿ ಅಕ್ಕಿಮುಡಿಯ ಸುತ್ತ ಸುಳಿದಾಡುವಾಗ ಒಂದು ನಡೆ. ಬಗ್ಗಿ ಅದನ್ನು ಹಲ್ಲಿನಿಂದ ಕಚ್ಚುವಾಗ ಪೆಟ್ಟುಗಳು ಒತ್ತೊತ್ತಾಗುತ್ತವೆ. ಮುಡಿ ತಲೆಯ ಮೇಲಿಂದ ಹಿಂದಕ್ಕೆ ಹಾರಿದ ಕ್ಷಣದಲ್ಲಿ ಮುಕ್ತಾಯ ಬೀಳಬೇಕು. ಅರೆಕ್ಷಣ ಮೊದಲು ಬಿದ್ದರೂ ತಪ್ಪು, ತಡವಾದರೂ ತಪ್ಪು. ಹುಲಿ ಸೋತಿದ್ದರೆ ಅವನನ್ನು ಎಬ್ಬಿಸುವುದೂ, ಆವೇಶ ಮೀರಿದರೆ ಇಳಿಸುವುದೂ ತಾಸೆಯ ಹೊಣೆ. ಶೀರೂರು ಮಠದ ಶ್ರೀ ಲಕ್ಷ್ಮೀವರ ತೀರ್ಥರು (ನಿಧನ 2018) ಹುಲಿವೇಷಗಳಿಗೆ ಕೊಡುತ್ತಿದ್ದ ಪ್ರೋತ್ಸಾಹವನ್ನೂ, ಪೀಠಾಧಿಪತಿಯಾಗಿದ್ದೇ ಡ್ರಮ್ಸ್ ನುಡಿಸುತ್ತಿದ್ದುದನ್ನೂ ಉಡುಪಿಯವರು ಈಗಲೂ ಸ್ಮರಿಸುತ್ತಾರೆ. ಅದರ ಬಗ್ಗೆ ಹುಬ್ಬೇರಿಸಿದವರೂ ಇದ್ದರು. ಅವರ ಆಕ್ಷೇಪ ಲಯದ ಬಗ್ಗೆ ಇರಲಿಲ್ಲ, ಬಾರಿಸುವವರ ಸ್ಥಾನದ ಬಗ್ಗೆ ಇತ್ತು ಎಂಬುದು ಪ್ರಸ್ತುತ ಚರ್ಚೆಗೆ ಸಂಬಂಧಪಟ್ಟದ್ದೇ.

ಈ ಎರಡು ನಿದರ್ಶನಗಳಿಂದ ಒಂದು ಅಳತೆಗೋಲು ಸಿಗುತ್ತದೆಂದು ನನ್ನ ಅಭಿಪ್ರಾಯ. ನಮ್ಮ ಅಂಗಳದ ಸಂಗೀತದಲ್ಲಿ ವಾದಕನ ಅರ್ಹತೆ ನಾದವನ್ನು ಯಾರು ಹುಟ್ಟಿಸಿದರು ಎಂಬುದರಿಂದ ಮಾತ್ರ ನಿರ್ಧಾರವಾಗಿಲ್ಲ. ಎದುರಿಗಿರುವ ದೇಹಗಳನ್ನು ಆಲಿಸಿ, ಅವುಗಳಿಗೆ ಆ ಕ್ಷಣದಲ್ಲಿ ನಾದದ ಮೂಲಕ ಉತ್ತರ ಕೊಡುವ ಸಾಮರ್ಥ್ಯದಿಂದಲೂ ನಿರ್ಧಾರವಾಗಿದೆ. ದೈವದ ಪಾತ್ರಿಗೆ ಆವೇಶ ಬರುವ ಹೊತ್ತನ್ನು ಅರಿತು ಊದುವ ಸೇರಿಗಾರ, ಹುಲಿಯ ಕಾಲನ್ನು ಅರಿತ ತಾಸೆಯವ, ವೇಷವನ್ನು ಅರಿತ ಭಾಗವತ, ಮೂವರೂ ಕೇಳಿಸುವುದಕ್ಕಿಂತ ಹೆಚ್ಚಾಗಿ ಕೇಳಿಸಿಕೊಳ್ಳುವವರು. ಡಿಜೆಯನ್ನು ಈ ಅಳತೆಯಿಂದಲೇ ನೋಡಬೇಕು.

ಹಾಗೆ ನೋಡಿದಾಗ ಡಿಜೆಗಳೆಲ್ಲ ಒಂದೇ ಅಲ್ಲ. ಕಾರ್ಕಳದ ಸಮೀಪದ ಒಂದು ಮದುವೆಮನೆಯಲ್ಲಿ ನಾನು ಕಂಡದ್ದನ್ನು ಹೇಳಬಹುದು. ಮೆಹಂದಿಯ ರಾತ್ರಿ, ಹರೆಯದವರು ಕುಣಿದು ದಣಿದಿದ್ದರು, ಹಿರಿಯ ಹೆಂಗಸರು ಗೋಡೆಯ ಬದಿಯ ಕುರ್ಚಿಗಳಲ್ಲಿ ಕುಳಿತಿದ್ದರು. ಮಿಕ್ಸರಿನ ಹಿಂದಿದ್ದ ಹುಡುಗ ಬೇಸನ್ನು ತಗ್ಗಿಸಿ, ನಡೆಯುತ್ತಿದ್ದ ಹಿಂದಿ ಹಾಡಿನ ಅಡಿಯಿಂದಲೇ ಹಳೆಯ ತುಳು ಚಿತ್ರಗೀತೆಯೊಂದರ ತಾಳವನ್ನು ಮೆಲ್ಲಗೆ ಮೇಲೆತ್ತಿದ. ಹಾಡು ಗುರುತು ಸಿಗುವ ಮೊದಲೇ ಕುರ್ಚಿಯಲ್ಲಿದ್ದವರ ಕಾಲು ಅಲುಗತೊಡಗಿತ್ತು. ಅವನು ಪಲ್ಲವಿಯನ್ನು ತಡೆಹಿಡಿದ. ಇಬ್ಬರು ಎದ್ದು ಬರುವವರೆಗೂ ತಾಳವನ್ನೇ ಸುತ್ತಿಸಿದ. ಆಮೇಲೆ ಪಲ್ಲವಿಯನ್ನು ಬಿಟ್ಟ. ಮುಂದಿನ ಅರ್ಧ ಗಂಟೆ ಅಂಗಳ ಅವರದಾಯಿತು. ಇದು ತಾಸೆಯವನು ಹುಲಿಯನ್ನು ಎಬ್ಬಿಸುವ ಕ್ರಮಕ್ಕೆ ಎಷ್ಟು ಹತ್ತಿರವಾಗಿದೆಯೆಂದರೆ, ಒಬ್ಬನನ್ನು ವಾದಕನೆಂದೂ ಇನ್ನೊಬ್ಬನನ್ನು ಯಂತ್ರ ನಡೆಸುವವನೆಂದೂ ಕರೆಯಲು ನನಗೆ ಕಾರಣ ಸಿಗಲಿಲ್ಲ. ಅದೇ ವರ್ಷ ನೋಡಿದ ಒಂದು ಶೋಭಾಯಾತ್ರೆಯಲ್ಲಿ ಲಾರಿಯ ಮೇಲಿನ ಡಿಜೆ ಮೊದಲೇ ಬೆಸೆದಿಟ್ಟ ಎರಡು ಗಂಟೆಗಳ ಮುದ್ರಿಕೆಯನ್ನು ಹಾಕಿ, ತಾನು ಲ್ಯಾಪ್‌ಟಾಪಿನ ಮುಂದೆ ಕೈಯೆತ್ತಿ ಕುಣಿಯುತ್ತಿದ್ದ. ಕೆಳಗೆ ಜನರಿದ್ದರೂ ಇಲ್ಲದಿದ್ದರೂ ಅದು ಹಾಗೆಯೇ ನಡೆಯುತ್ತಿತ್ತು. ಮೊದಲನೆಯವನು ಸಂಗೀತಗಾರ, ಎರಡನೆಯವನು ಅಲ್ಲ. ಇಬ್ಬರ ಸಲಕರಣೆ ಒಂದೇ. ಈ ನಿರ್ಣಯವನ್ನು ಮಣಿಪಾಲಕ್ಕೂ ಅನ್ವಯಿಸಬೇಕು: ಭಿತ್ತಿಪತ್ರದಲ್ಲಿ ಹೆಸರಿದೆಯೆಂಬುದೇ ಅರ್ಹತೆಯಾಗದು.

ಕಾನೂನು ಈ ಭೇದವನ್ನು ಗುರುತಿಸುವ ಬಗೆ ದೇಶದಿಂದ ದೇಶಕ್ಕೆ ಬೇರೆ. ಜರ್ಮನಿಯಲ್ಲಿ ಸಂಗೀತ ಕಛೇರಿಯ ಪ್ರವೇಶದರಕ್ಕೆ ಶೇಕಡ 7, ಸಾಮಾನ್ಯ ಮನರಂಜನೆಗೆ ಶೇಕಡ 19 ಮೌಲ್ಯವರ್ಧಿತ ತೆರಿಗೆ ಎಂಬ ನಿಯಮದಿಂದಾಗಿ, ಡಿಜೆ ನುಡಿಸುವುದು ಕಛೇರಿಯೇ ಎಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು. ತೆರಿಗೆ ವಿಷಯದ ಅತ್ಯುನ್ನತ ನ್ಯಾಯಾಲಯ 2020ರಲ್ಲಿ, ಟರ್ನ್‌ಟೇಬಲ್ ಮತ್ತು ಮಿಕ್ಸರುಗಳನ್ನು ವಾದ್ಯಗಳಂತೆ ಬಳಸಿ ಹೊಸ ಸಂಗೀತವನ್ನು ಹೊಮ್ಮಿಸುವಾಗ ಅದನ್ನು ಕಛೇರಿಯೆಂದೇ ಪರಿಗಣಿಸಬಹುದೆಂಬ ನಿಲುವು ತಳೆಯಿತು. ನಮ್ಮಲ್ಲಿ 2017ರ ಜಿಎಸ್‌ಟಿ ವಿನಾಯಿತಿ ಅಧಿಸೂಚನೆ, ಪ್ರದರ್ಶನವೊಂದಕ್ಕೆ 1.5 ಲಕ್ಷ ರೂಪಾಯಿ ಮೀರದ ಸಂಭಾವನೆ ಪಡೆಯುವ ಕಲಾವಿದನಿಗೆ ವಿನಾಯಿತಿ ನೀಡಿತು. ಆದರೆ ಅವನ ಕಲೆ ಜಾನಪದವೋ ಶಾಸ್ತ್ರೀಯವೋ ಆಗಿರಬೇಕೆಂಬುದು ಷರತ್ತು. ತಾಸೆ ಒಳಗೆ, ಡಿಜೆ ಹೊರಗೆ. ಇನ್ನು 1957ರ ಕೃತಿಸ್ವಾಮ್ಯ ಕಾಯಿದೆ 'ಪ್ರದರ್ಶಕ' ಎಂಬ ಪದವನ್ನು ವಿವರಿಸುವಾಗ ನಟ, ಗಾಯಕ, ವಾದಕ, ನರ್ತಕರ ಸಾಲಿನಲ್ಲಿ ದೊಂಬರಾಟದವನನ್ನೂ ಹಾವಾಡಿಗನನ್ನೂ ಹೆಸರಿಸಿ, ಕೊನೆಗೆ ಪ್ರದರ್ಶನ ನೀಡುವ ಇತರ ಯಾರನ್ನಾದರೂ ಸೇರಿಸಿಕೊಳ್ಳುತ್ತದೆ. ಡಿಜೆ ಆ ಕೊನೆಯ ಮಾತಿನ ಆಶ್ರಯದಲ್ಲಿ ನಿಲ್ಲಬೇಕು. ಹಾವಾಡಿಗನಿಗೆ ಸಿಕ್ಕ ಸ್ಪಷ್ಟತೆ ಅವನಿಗೆ ಸಿಕ್ಕಿಲ್ಲ.

ಡಿಜೆಯ ಮಾತು ಬಂದಲ್ಲೆಲ್ಲ ಶಬ್ದದ ಮಾತೂ ಬರುತ್ತದೆ. ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು (2000) ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿಯನ್ನು ಹಾಕಿವೆ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಸಲ್ಲದು. 2010ರ ತಿದ್ದುಪಡಿಯಲ್ಲಿ ವಾದ್ಯಗಳೂ ಇದರ ವ್ಯಾಪ್ತಿಗೆ ಬಂದವು. ಎದೆಯ ಗೂಡನ್ನು ಅದುರಿಸುವ ಡಿಜೆ ಪೆಟ್ಟಿಗೆಗಳಿಂದ ಶಿಶುಗಳಿಗೂ ವೃದ್ಧರಿಗೂ ಆಗುವ ಸಂಕಟ ನಿಜವಾದುದು. ಅದನ್ನು ಅಲ್ಲಗಳೆಯಲು ಯಾವ ಕಲಾಸಿದ್ಧಾಂತವೂ ನೆರವಾಗಬಾರದು. ಆದರೆ ಗಟ್ಟಿಯಾಗಿದೆ ಎಂಬುದು ಸಂಗೀತವಲ್ಲ ಎನ್ನಲು ಆಧಾರವಲ್ಲ. ಚೆಂಡೆ ಗಟ್ಟಿ, ಡೋಲು ಗಟ್ಟಿ. ಇದೇ ನಿಯಮದ ಕಾರಣಕ್ಕೆ 2022ರ ತಿರುಗಾಟದಲ್ಲಿ ಕಟೀಲು ಮೇಳಗಳು ಇಡೀ ರಾತ್ರಿಯ ಆಟವನ್ನು ಬಿಟ್ಟು ಕಾಲಮಿತಿಗೆ ಇಳಿದಾಗ ಕರಾವಳಿ ನೊಂದುಕೊಂಡಿತು. ಯಕ್ಷಗಾನ ಸಂಗೀತವಲ್ಲವೆಂದು ಯಾರೂ ಹೇಳಲಿಲ್ಲ. ನಿಯಂತ್ರಣದ ಪ್ರಶ್ನೆಯನ್ನೂ ಮಾನ್ಯತೆಯ ಪ್ರಶ್ನೆಯನ್ನೂ ಬೆರೆಸಬಾರದು.

ಬೆರೆಸಿದರೆ ಏನಾಗುತ್ತದೆಂಬುದಕ್ಕೆ ಉಡುಪಿ ಜಿಲ್ಲೆಯಲ್ಲೇ ಒಂದು ನಿದರ್ಶನವಿದೆ. 2021ರ ಡಿಸೆಂಬರ್ 27ರ ರಾತ್ರಿ ಕೋಟತಟ್ಟು ಗ್ರಾಮದ ಕೊರಗ ಕಾಲನಿಯಲ್ಲಿ ಮೆಹಂದಿ ಕಾರ್ಯಕ್ರಮ ನಡೆಯುತ್ತಿತ್ತು. ಡಿಜೆಯ ಸದ್ದಿನ ಬಗ್ಗೆ ದೂರು ಹೋಗಿ ಪೊಲೀಸರು ಬಂದರು. ಮದುಮಗನೂ ಸೇರಿದಂತೆ ಅಲ್ಲಿದ್ದವರ ಮೇಲೆ ಲಾಠಿ ಬೀಸಿದರೆಂಬ ಆರೋಪ ರಾಜ್ಯದ ಗಮನ ಸೆಳೆಯಿತು. ಠಾಣಾಧಿಕಾರಿ ಅಮಾನತುಗೊಂಡರು, ತನಿಖೆ ಸಿಐಡಿಗೆ ಹೋಯಿತು. ಆ ಪ್ರಕರಣದ ಕಾನೂನಿನ ಮುಖ ಪ್ರಸ್ತುತ ಲೇಖನದ ವಿಷಯವಲ್ಲ. ನನ್ನನ್ನು ಕಾಡುವುದು ಇದು: ತಲೆಮಾರುಗಳ ಕಾಲ ಪರರ ಉತ್ಸವಕ್ಕೆ ರಾತ್ರಿಯಿಡೀ ಡೋಲು ಬಾರಿಸಬೇಕಾಗಿದ್ದವರ ಅಂಗಳ ಅದು. ಆಗ ಅವರ ಸದ್ದು ಯಾರ ನಿದ್ದೆಯನ್ನೂ ಕೆಡಿಸಲಿಲ್ಲ, ಏಕೆಂದರೆ ಅದು ಇತರರ ಅಪ್ಪಣೆಯ ಸದ್ದಾಗಿತ್ತು. ತಮ್ಮ ಮನೆಯ ಮದುವೆಗೆ, ಬೇರೆ ಎಲ್ಲ ಮನೆಗಳಲ್ಲಿ ನಡೆಯುವಂತೆ, ಬಾಡಿಗೆಗೆ ಡಿಜೆ ತಂದು ತಾವೂ ಕುಣಿದಾಗ ಅದು ಗದ್ದಲವಾಯಿತು. ಕಾರಂತರು ಹುಟ್ಟಿದ ಕೋಟದ ನೆರೆಯಲ್ಲೇ ಇದು ನಡೆಯಿತು. ಅಲ್ಲಿ ಡಿಜೆ ಬೇಕೆಂದದ್ದು ಡೋಲನ್ನು ಮರೆತುದರಿಂದ ಎಂದು ಸರಳೀಕರಿಸಲಾಗದು. ಹುಟ್ಟಿನಿಂದ ಹೆಗಲಿಗೇರಿದ ವಾದ್ಯವಲ್ಲದ ಒಂದು ಸಂಗೀತವನ್ನು ಹಣ ಕೊಟ್ಟು ಆರಿಸಿಕೊಳ್ಳುವ ಸ್ವಾತಂತ್ರ್ಯವೂ ಅದರಲ್ಲಿದೆ. ಪರಂಪರೆಯ ಹೆಸರಿನಲ್ಲಿ ಡಿಜೆಯನ್ನು ಜರೆಯುವ ನಮ್ಮಂಥವರು ಈ ಸ್ವಾತಂತ್ರ್ಯದ ಬೆಲೆಯನ್ನು ತಿಳಿಯುವುದು ಕಷ್ಟ.

ಇಷ್ಟು ಹೇಳಿದ ಮೇಲೆ ಡಿಜೆಯಿಂದ ಹಳೆಯ ವಾದಕರ ಅನ್ನಕ್ಕೆ ಬಿದ್ದ ಏಟನ್ನು ಮುಚ್ಚಿಡಲಾಗದು. ಮದುವೆಯ ದಿಬ್ಬಣಕ್ಕೆ ಓಲಗವೋ ಬ್ಯಾಂಡೋ ಇದ್ದಲ್ಲಿ ಈಗ ಹಲವೆಡೆ ಒಂದು ವಾಹನ, ಒಬ್ಬ ಹುಡುಗ. ಕಾರ್ಕಳ ಸುತ್ತಿನ ಕ್ರೈಸ್ತ ಮದುವೆಗಳಲ್ಲಿ ಹಿತ್ತಾಳೆ ವಾದ್ಯಗಳ ಬ್ಯಾಂಡು ಹಿಂದೆ ಸರಿದಿರುವುದೂ ಇದೇ ಕ್ರಮದಲ್ಲಿ. ಆರೇಳು ಜನರ ಸಂಭಾವನೆ ಒಬ್ಬನಿಗೂ ಪೆಟ್ಟಿಗೆಗಳ ಮಾಲೀಕನಿಗೂ ಹಂಚಿಹೋಗುತ್ತದೆ. ಹೆಚ್ಚಿನ ಪಾಲು ಪೆಟ್ಟಿಗೆಗಳಿಗೆ. ಅಕಾಡೆಮಿಗಳು ಪ್ರಶಸ್ತಿ, ಮಾಸಾಶನಗಳಿಗೆ ಕಲಾವಿದರನ್ನು ಗುರುತಿಸುವಾಗ ದಣಿದ ಕೈಗಳಿಗೇ ಮೊದಲ ಹಕ್ಕು ಸಲ್ಲಬೇಕು. ಡಿಜೆಯನ್ನು ಸಂಗೀತಗಾರನೆಂದು ಒಪ್ಪುವುದರಿಂದ ಆ ಸರತಿ ಬದಲಾಗಬೇಕಾಗಿಲ್ಲ.

ಒಪ್ಪಿಕೊಂಡರೆ ಅವನ ಮೇಲೊಂದು ಹೊಣೆಯೂ ಬೀಳುತ್ತದೆ. ಹುಲಿವೇಷದ ಋತುವಿನಲ್ಲಿ ತಾಸೆಯ ಬಡಿತವನ್ನು ಮೊಬೈಲಿನಲ್ಲಿ ಹಿಡಿದು, ಅದಕ್ಕೆ ಬೇಸು ಸೇರಿಸಿ ಬೆಸೆದ ತುಣುಕುಗಳು ಇಲ್ಲಿನ ಮೆಹಂದಿಗಳಲ್ಲಿ ವರ್ಷವಿಡೀ ಕೇಳಿಬರುತ್ತವೆ. ಆ ಬಡಿತ ಯಾರದು? ಯಂತ್ರ ನಡೆಸುವವನಿಗೆ ಈ ಪ್ರಶ್ನೆ ಕೇಳಬೇಕಾಗಿಲ್ಲ, ಸಂಗೀತಗಾರನಿಗೆ ಕೇಳಬೇಕು. ಗುರುವಿನ ಹೆಸರು ಹೇಳದ ಗಾಯಕನನ್ನು, ಪ್ರಸಂಗಕರ್ತನನ್ನು ಸ್ಮರಿಸದ ಮೇಳವನ್ನು ನಾವು ಆಕ್ಷೇಪಿಸುತ್ತೇವಷ್ಟೆ. ನ್ಯಾಯವಾಗಿ ಹೇಳಬೇಕಾದರೆ ಈ ವಿಷಯದಲ್ಲಿ ವಿದ್ವಾಂಸರ ದಾಖಲೆಯೂ ಅಷ್ಟೇನೂ ಶುಭ್ರವಾಗಿಲ್ಲ. ಪಾಡ್ದನಗಳ ಮುದ್ರಿತ ಸಂಗ್ರಹಗಳಲ್ಲಿ ಹಾಡಿದವರ ಹೆಸರು, ಊರು, ವಯಸ್ಸು ಇರುತ್ತವೆ. ಪಕ್ಕದಲ್ಲಿ ಕುಳಿತು ತೆಂಬರೆ ಬಾರಿಸಿದವರ ಹೆಸರಿಗಾಗಿ ಹುಡುಕಿದರೆ ಹಲವು ಪುಟಗಳಲ್ಲಿ 'ಹಿಮ್ಮೇಳ: ಇಬ್ಬರು' ಎಂಬ ಬಗೆಯ ಒಕ್ಕಣೆಯಷ್ಟೇ ಸಿಗುತ್ತದೆ. ಕ್ಷೇತ್ರಕಾರ್ಯದ ನಮೂನೆಗಳಲ್ಲಿ ಆ ಇಬ್ಬರಿಗೂ, ಮಿಕ್ಸರಿನ ಹಿಂದಿನ ಹುಡುಗನಿಗೂ, ಅವನು ಬಳಸಿದ ತಾಸೆಯವನಿಗೂ ಒಂದೊಂದು ಸಾಲನ್ನು ಈಗಿನಿಂದಲೇ ತೆರೆದಿಡಬಹುದು.